ಜಿಪಿಎಲ್ ಪರವಾನಗಿ ಪ್ಲಗಿನ್‌ಗಳಿಗೂ ಥೀಮ್‌ಗಳಿಗೂ ಅನ್ವಯಿಸುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಜಿಪಿಎಲ್ (ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್) ಎಂಬುದು ತಂತ್ರಾಂಶವನ್ನು ಬಳಸಲು, ಬದಲಿಸಲು, ಹಂಚಲು ಅನುಮತಿ ಕೊಡುವ ಪರವಾನಗಿ. ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ಪ್ಲಗಿನ್ (ಹೊಸ ಸೌಲಭ್ಯ ಸೇರಿಸುವ ಕೋಡು) ಮತ್ತು ಥೀಮ್ (ತಾಣದ ನೋಟ ರೂಪಿಸುವ ಕಡತಗಳ ಕಟ್ಟು) ಬರೆಯುವವರು, ಅವನ್ನು ಕೊಂಡು ಗ್ರಾಹಕರಿಗೆ ಜಾಲತಾಣ ಕಟ್ಟಿಕೊಡುವವರು, ಸುಮ್ಮನೆ ಬಳಸುವವರು ಪತ್ರಗಳಲ್ಲೂ ಮಾತುಕತೆಯಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಲಾಗಿದೆ. ಚರ್ಚೆ ಅತಿ ಹೆಚ್ಚು ನಡೆದಿರುವುದು ವರ್ಡ್‌ಪ್ರೆಸ್ ಸುತ್ತಲೇ ಆದ್ದರಿಂದ ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ನಿಮ್ಮ ಕೈಯಲ್ಲಿರುವ ನಿರ್ದಿಷ್ಟ ಒಪ್ಪಂದದ ಬಗ್ಗೆ ತೀರ್ಮಾನಿಸುವ ಮುನ್ನ ವಕೀಲರಿಗೆ ತೋರಿಸುವುದು ಒಳ್ಳೆಯದು.

## ಮೊದಲು ತಿಳಿಯಬೇಕಾದದ್ದು

ವರ್ಡ್‌ಪ್ರೆಸ್ ಜಿಪಿಎಲ್ ಅಂತೆ. ಹಾಗಾದರೆ ಅದಕ್ಕೆ ನಾನು ಬರೆದ ಪ್ಲಗಿನ್ ತಾನಾಗಿಯೇ ಜಿಪಿಎಲ್ ಆಗಿಬಿಡುತ್ತದೆಯೇ?

ತಾನಾಗಿಯೇ ಆಗುವುದಿಲ್ಲ. ನೀವು ಬರೆದ ಕೋಡಿನ ಕೃತಿಸ್ವಾಮ್ಯ ನಿಮ್ಮದೇ. ಅದಕ್ಕೆ ಯಾವ ಪರವಾನಗಿ ಎಂದು ಹೇಳಬೇಕಾದವರೂ ನೀವೇ. ಜಿಪಿಎಲ್ ಮಾಡುವ ಕೆಲಸ ಬೇರೆ. ವರ್ಡ್‌ಪ್ರೆಸ್ ‘ಜಿಪಿಎಲ್ 2ನೇ ಆವೃತ್ತಿ ಅಥವಾ ಅದರ ನಂತರದ್ದು’ ಎಂಬ ಪರವಾನಗಿಯಡಿ ಬರುತ್ತದೆ. ನಿಮ್ಮ ಪ್ಲಗಿನ್ ಕಾನೂನಿನ ಕಣ್ಣಿನಲ್ಲಿ ವರ್ಡ್‌ಪ್ರೆಸ್‌ನಿಂದ ವ್ಯುತ್ಪನ್ನವಾದ (ಅದನ್ನು ಆಧರಿಸಿ ರೂಪುಗೊಂಡ) ಕೃತಿಯಾಗಿದ್ದರೆ, ಅದನ್ನು ಇತರರಿಗೆ ಹಂಚಲು ಬೇಕಾದ ಅನುಮತಿಯನ್ನು ಈ ಪರವಾನಗಿ ಒಂದು ಷರತ್ತಿನ ಮೇಲೆ ಕೊಡುತ್ತದೆ: ಹಂಚುವುದಾದರೆ ಅದೇ ಪರವಾನಗಿಯಡಿ ಹಂಚಬೇಕು. ಷರತ್ತು ಮೀರಿ ಹಂಚಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಾಗುತ್ತದೆಯೇ ಹೊರತು ನಿಮ್ಮ ಕೋಡು ರಾತ್ರೋರಾತ್ರಿ ಸಾರ್ವಜನಿಕ ಸ್ವತ್ತಾಗುವುದಿಲ್ಲ. ಉಲ್ಲಂಘಿಸಿದವರು ಹಂಚುವುದನ್ನು ನಿಲ್ಲಿಸಬಹುದು, ಪರವಾನಗಿ ಬದಲಿಸಬಹುದು, ನ್ಯಾಯಾಲಯ ಹೇಳಿದರೆ ಪರಿಹಾರ ಕೊಡಬೇಕಾಗಬಹುದು.

ಹೀಗಾಗಿ ಪ್ರಶ್ನೆಯನ್ನು ಎರಡಾಗಿ ಬಿಡಿಸಿಕೊಳ್ಳಬೇಕು. ಪ್ಲಗಿನ್ ವ್ಯುತ್ಪನ್ನ ಕೃತಿಯೇ? ಅದನ್ನು ಹಂಚುತ್ತಿದ್ದೀರಾ? ಎರಡಕ್ಕೂ ಉತ್ತರ ಹೌದಾದರೆ ಮಾತ್ರ ಜಿಪಿಎಲ್‌ನ ಷರತ್ತು ನಿಮ್ಮನ್ನು ತಟ್ಟುತ್ತದೆ. ನಿಮ್ಮ ಕಚೇರಿಯ ಸರ್ವರ್‌ನಲ್ಲಿ ಮಾತ್ರ ಓಡುವ ಪ್ಲಗಿನ್ ಅನ್ನು ಯಾರಿಗೂ ಕೊಡದಿದ್ದರೆ ಎರಡನೆಯ ಪ್ರಶ್ನೆಯಲ್ಲೇ ವಿಷಯ ಮುಗಿಯಿತು.

ಥೀಮ್ ಅಂದರೆ ಬರೀ ಬಣ್ಣ, ವಿನ್ಯಾಸ ತಾನೇ? ಅದಕ್ಕೆ ತಂತ್ರಾಂಶದ ಪರವಾನಗಿ ಯಾಕೆ?

ಒಂದು ಸಾಂಪ್ರದಾಯಿಕ ಥೀಮ್‌ನ ಕಡತಕೋಶವನ್ನು ತೆರೆದು ನೋಡಿ. ಬಣ್ಣ, ಅಂತರ, ಅಕ್ಷರದ ಗಾತ್ರಗಳನ್ನು ಹೇಳುವ ಸಿಎಸ್‌ಎಸ್ ಕಡತವಿದೆ, ಚಿತ್ರಗಳಿವೆ, ಬಹುಶಃ ಫಾಂಟ್‌ಗಳೂ ಜಾವಾಸ್ಕ್ರಿಪ್ಟೂ ಇವೆ. ಇವುಗಳ ಜೊತೆಗೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಕಡತಗಳ ಒಂದು ಸಾಲೇ ಇದೆ. ಲೇಖನದ ಪುಟ ತೋರಿಸುವ ಕಡತ ವರ್ಡ್‌ಪ್ರೆಸ್‌ನ ಫಂಕ್ಷನ್ ಒಂದನ್ನು ಕರೆದು ಪುಟದ ತಲೆಭಾಗ ತರಿಸಿಕೊಳ್ಳುತ್ತದೆ, ಇನ್ನೊಂದನ್ನು ಕರೆದು ಶೀರ್ಷಿಕೆ ಬರೆಸುತ್ತದೆ, ಮತ್ತೊಂದರಿಂದ ಲೇಖನದ ಒಡಲು ಬರುತ್ತದೆ. ವರ್ಡ್‌ಪ್ರೆಸ್ ಕೂಡ ಥೀಮ್ ಅನ್ನು ದೂರದಿಂದ ಓಡಿಸುವುದಿಲ್ಲ. ತನ್ನ ಕೋಡಿನೊಳಕ್ಕೇ ಸೇರಿಸಿಕೊಂಡು, ಒಂದೇ ಪ್ರೋಗ್ರಾಂ ಎಂಬಂತೆ ಓಡಿಸುತ್ತದೆ.

ಆದ್ದರಿಂದ ಥೀಮ್ ಎಂಬುದು ಒಂದೇ ವಸ್ತುವಲ್ಲ, ಬೇರೆ ಬೇರೆ ಜಾತಿಯ ಕೃತಿಗಳ ಕಟ್ಟು. ಪರವಾನಗಿಯ ಪ್ರಶ್ನೆಯನ್ನು ಇಡೀ ಕಟ್ಟಿಗೆ ಒಂದೇ ಸಲ ಕೇಳಿದರೆ ಗೊಂದಲವಾಗುತ್ತದೆ. ಒಳಗಿನ ಒಂದೊಂದು ಕಡತಕ್ಕೂ ಕೇಳಿದರೆ ಉತ್ತರ ಸಿಗುತ್ತದೆ.

ನನ್ನ ಸೈಟ್‌ನಲ್ಲಿರುವ ಕವಿತೆ, ಫೋಟೊ ಎಲ್ಲವೂ ಜಿಪಿಎಲ್ ಆಗಿಬಿಡುತ್ತವಾ?

ಇಲ್ಲ. ತಂತ್ರಾಂಶ ಬಳಸಿ ಮಾಡಿದ ಬರಹ, ಚಿತ್ರ, ಧ್ವನಿಗಳ ಮೇಲೆ ಜಿಪಿಎಲ್‌ಗೆ ಯಾವ ಹಕ್ಕೂ ಇಲ್ಲ. ತಂತ್ರಾಂಶವನ್ನು ಓಡಿಸುವುದಕ್ಕೆ ಯಾವ ನಿರ್ಬಂಧವೂ ಇಲ್ಲ ಎಂದು ಪರವಾನಗಿಯೇ ಹೇಳುತ್ತದೆ.

ಜಿಪಿಎಲ್ ಅಂದಮೇಲೆ ಪುಕ್ಕಟೆ ಕೊಡಬೇಕಲ್ಲವೇ? ದುಡ್ಡಿಗೆ ಮಾರುವವರು ಮೋಸ ಮಾಡುತ್ತಿದ್ದಾರಾ?

ಮೋಸವೇನೂ ಇಲ್ಲ. ಜಿಪಿಎಲ್ ತಂತ್ರಾಂಶವನ್ನು ಎಷ್ಟು ಬೆಲೆಗೆ ಬೇಕಾದರೂ ಮಾರಬಹುದು. ಕೊಂಡವರಿಗೆ ಅದನ್ನು ಬದಲಿಸುವ, ನಕಲು ಮಾಡುವ, ಮತ್ತೊಬ್ಬರಿಗೆ ಕೊಡುವ, ಮಾರುವ ಹಕ್ಕು ಇರಬೇಕು, ಸೋರ್ಸ್ ಕೋಡ್ (ಓದಿ ತಿದ್ದಬಹುದಾದ ಮೂಲ ರೂಪ) ಸಿಗಬೇಕು. ಪರವಾನಗಿ ಕೇಳುವುದು ಇಷ್ಟೇ. ಪಿಎಚ್‌ಪಿಯಲ್ಲಿ ಬರೆದದ್ದನ್ನು ಹಾಗೆಯೇ ಕೊಟ್ಟರೆ ಸೋರ್ಸ್ ಕೊಟ್ಟಂತೆಯೇ ಆಯಿತು. ಆದರೆ ಅದನ್ನು ಯಾರೂ ಓದಲಾಗದಂತೆ ಗೂಢಲಿಪಿಗೆ ಇಳಿಸಿ ಕೊಟ್ಟರೆ, ಅಥವಾ ಹಿಂಡಿ ಕಿರಿದಾಗಿಸಿದ ಜಾವಾಸ್ಕ್ರಿಪ್ಟನ್ನು ಮಾತ್ರ ಕೊಟ್ಟು ಮೂಲ ಕಡತವನ್ನು ಬಚ್ಚಿಟ್ಟುಕೊಂಡರೆ ಸೋರ್ಸ್ ಕೊಟ್ಟಂತಾಗುವುದಿಲ್ಲ.

## ಕಟ್ಟಿಕೊಡುವವರಿಗೆ, ಕೊಳ್ಳುವವರಿಗೆ

ಗ್ರಾಹಕರೊಬ್ಬರಿಗಾಗಿ ಥೀಮ್ ಮಾಡಿಕೊಟ್ಟೆ. ಈಗ ಅದರ ಕೋಡನ್ನು ಲೋಕಕ್ಕೆಲ್ಲ ತೆರೆದಿಡಬೇಕಾ? ಅದರ ಹಕ್ಕು ನನ್ನದೋ ಅವರದೋ?

ಲೋಕಕ್ಕೆ ತೆರೆದಿಡಬೇಕಾಗಿಲ್ಲ. ನೀವು ಥೀಮ್ ಅನ್ನು ಗ್ರಾಹಕರ ಕೈಗೆ ಒಪ್ಪಿಸಿದಾಗ ಅವರಿಗೆ ಹಂಚಿದಂತಾಗುತ್ತದೆ, ಹಾಗಾಗಿ ಅವರಿಗೆ ಜಿಪಿಎಲ್ ಕೊಡುವ ಹಕ್ಕುಗಳು ಸಿಗಬೇಕು. ಆ ಹಕ್ಕುಗಳನ್ನು ಬಳಸಿ ಅವರು ಅದನ್ನು ಪ್ರಕಟಿಸಬಹುದು, ಬೀರುವಿನಲ್ಲಿಟ್ಟು ಬೀಗ ಹಾಕಬಹುದು. ಪ್ರಕಟಿಸು ಎಂದು ಅವರನ್ನಾಗಲೀ ನಿಮ್ಮನ್ನಾಗಲೀ ಪರವಾನಗಿ ಒತ್ತಾಯಿಸುವುದಿಲ್ಲ.

ಕೃತಿಸ್ವಾಮ್ಯ ಯಾರದ್ದು ಎಂಬುದು ಬೇರೆಯೇ ಪ್ರಶ್ನೆ, ಮತ್ತು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಬಿಡಿಯಾಗಿ ಕೆಲಸ ಮಾಡುವವರು ಇದರ ಬಗ್ಗೆ ಸ್ವಲ್ಪ ಹೆಚ್ಚು ಎಚ್ಚರವಾಗಿದ್ದರೆ ಒಳ್ಳೆಯದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ನೌಕರಿಯಲ್ಲಿದ್ದುಕೊಂಡು ಕೆಲಸದ ಭಾಗವಾಗಿ ಬರೆದ ಕೋಡಿಗೆ, ಬೇರೆ ಕರಾರು ಇಲ್ಲದಿದ್ದರೆ, ಮಾಲೀಕರೇ ಮೊದಲ ಒಡೆಯರು. ನೌಕರರಲ್ಲದ, ಗುತ್ತಿಗೆಯ ಮೇಲೆ ಮಾಡಿಕೊಟ್ಟವರ ವಿಷಯದಲ್ಲಿ ಸಾಮಾನ್ಯವಾಗಿ ಬರೆದವರೇ ಒಡೆಯರು. ಗ್ರಾಹಕರಿಗೆ ಹಕ್ಕು ವರ್ಗವಾಗಬೇಕಾದರೆ 19ನೇ ಕಲಮಿನಂತೆ ಲಿಖಿತ ಪತ್ರ ಬೇಕು. ಆ ಪತ್ರದಲ್ಲಿ ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷಕ್ಕೆ ಎಂದೂ, ಯಾವ ದೇಶಗಳಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ. ‘ಎಲ್ಲ ಹಕ್ಕುಗಳೂ ಗ್ರಾಹಕರದ್ದು’ ಎಂದು ಒಂದೇ ಸಾಲು ಬರೆದು ಸಹಿ ಹಾಕಿಸಿಕೊಂಡು ನಿಶ್ಚಿಂತರಾಗಿರುವ ಸಂಸ್ಥೆಗಳು ಈ ಕಲಮನ್ನು ಒಮ್ಮೆ ಓದಬೇಕು.

ಹಕ್ಕು ಯಾರದ್ದೇ ಆಗಲಿ, ಥೀಮ್‌ನ ಜಿಪಿಎಲ್ ಭಾಗ ಜಿಪಿಎಲ್ ಆಗಿಯೇ ಇರುತ್ತದೆ. ಜಿಪಿಎಲ್ ಆಗಲಾರದ ಥೀಮ್ ಬೇಕು ಎಂದು ಗ್ರಾಹಕರು ಕರಾರಿನಲ್ಲಿ ಬರೆಸಿದರೆ, ಕೊಡಲಾಗದ್ದನ್ನು ಕೊಡುತ್ತೇನೆಂದು ಒಪ್ಪಿಕೊಳ್ಳಬೇಡಿ.

‘ಒಂದೇ ಸೈಟ್‌ಗೆ ಮಾತ್ರ’ ಎಂದು ಬರೆದಿರುವ ಪ್ಲಗಿನ್ ಕೊಂಡಿದ್ದೇನೆ. ಎರಡನೆಯ ಸೈಟ್‌ಗೆ ಹಾಕಿದರೆ ತಪ್ಪಾಗುತ್ತದೆಯೇ?

ಪ್ಲಗಿನ್ ಜಿಪಿಎಲ್ ಆಗಿದ್ದರೆ, ಹತ್ತು ಸೈಟ್‌ಗೆ ಹಾಕಿದರೂ ಪರವಾನಗಿಯ ದೃಷ್ಟಿಯಿಂದ ತಪ್ಪಿಲ್ಲ. ಪಡೆದವರ ಹಕ್ಕಿನ ಮೇಲೆ ಹೊಸ ನಿರ್ಬಂಧ ಹೇರಬಾರದು ಎಂದು ಜಿಪಿಎಲ್ 2ರ 6ನೇ ಕಲಮು ಹೇಳುತ್ತದೆ. ಆದರೆ ಮಾರಾಟಗಾರರು ನಿಮಗೆ ಮಾರುತ್ತಿರುವುದು ಕೋಡನ್ನಷ್ಟೇ ಅಲ್ಲ. ಹೊಸ ಆವೃತ್ತಿಗಳು ತಾವಾಗಿಯೇ ಬರುವ ಸೌಲಭ್ಯ, ತೊಂದರೆಯಾದಾಗ ಉತ್ತರ ಕೊಡುವ ಸೇವೆ ಇವನ್ನೂ ಮಾರುತ್ತಾರೆ. ಆ ಸೇವೆಯನ್ನು ಒಂದು ಸೈಟ್‌ಗೆ ಸೀಮಿತಗೊಳಿಸುವ ಪೂರ್ಣ ಸ್ವಾತಂತ್ರ್ಯ ಅವರಿಗಿದೆ. ಪ್ರತಿಷ್ಠಿತ ಮಾರಾಟಗಾರರ ಕೀಲಿಸಂಖ್ಯೆಗಳು ಕಾಯುವುದು ಹೆಚ್ಚಾಗಿ ಈ ಬಾಗಿಲನ್ನೇ. ಷರತ್ತಿನ ಪುಟದಲ್ಲಿ ‘ಸೈಟ್’ ಎಂಬ ಮಾತು ಸೇವೆಯ ಬಗ್ಗೆಯೋ ಕೋಡಿನ ಬಗ್ಗೆಯೋ ಎಂದು ನೋಡಿಕೊಳ್ಳಿ.

ನಾನು ಬರೆದ ಪ್ಲಗಿನ್ ಅನ್ನು ಇನ್ಯಾರೋ ಚಿಲ್ಲರೆ ಕಾಸಿಗೆ ಮಾರುತ್ತಿದ್ದಾರೆ! ಇದನ್ನು ತಡೆಯಲಾಗದೇ?

ಜಿಪಿಎಲ್ ಕೋಡಾದರೆ ಮಾರುವುದನ್ನು ತಡೆಯಲಾಗದು. ಬೇಸರವಾಗುವುದು ಸಹಜ, ಆದರೆ ನೀವು ವರ್ಡ್‌ಪ್ರೆಸ್‌ನಿಂದ ಪಡೆದ ಅನುಮತಿಯೇ ಅವರು ನಿಮ್ಮಿಂದ ಪಡೆದಿರುವುದು. ವರ್ಡ್‌ಪ್ರೆಸ್ ಹುಟ್ಟಿದ್ದೇ ಹೀಗೆ: ಮಿಶೆಲ್ ವಾಲ್ಡ್ರಿಗಿ ಬರೆದ ಬಿ2 ಎಂಬ ತಂತ್ರಾಂಶ ಜಿಪಿಎಲ್ ಆಗಿದ್ದರಿಂದ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ 2003ರಲ್ಲಿ ಅದರ ಕವಲೊಡೆದು, ಅಂದರೆ ಅದರ ಕೋಡನ್ನು ತೆಗೆದುಕೊಂಡು ಬೇರೆಯಾಗಿ ಬೆಳೆಸಿ, ಇದನ್ನು ಹೊರತಂದರು. ಇಂದು ಅಂತರ್ಜಾಲದ ಅಸಂಖ್ಯ ಅಂಗಡಿಗಳನ್ನು ನಡೆಸುವ ವೂಕಾಮರ್ಸ್ ಕೂಡ 2011ರಲ್ಲಿ ಜಿಗೋಶಾಪ್ ಎಂಬ ಪ್ಲಗಿನ್‌ನಿಂದ ಕವಲೊಡೆದದ್ದು.

ಹೆಸರಿನ ವಿಷಯ ಹಾಗಲ್ಲ. ಜಿಪಿಎಲ್ ಕೋಡಿಗೆ ಅನುಮತಿ ಕೊಡುತ್ತದೆ, ಟ್ರೇಡ್‌ಮಾರ್ಕಿಗಲ್ಲ. ನಿಮ್ಮ ಪ್ಲಗಿನ್‌ನ ಹೆಸರು, ಲಾಂಛನ ಬಳಸಿ ನೀವೇ ಮಾರುತ್ತಿರುವಂತೆ ಜನರನ್ನು ನಂಬಿಸಿದರೆ ಅದನ್ನು ಪ್ರಶ್ನಿಸಬಹುದು. ನಿಮ್ಮ ಕೃತಿಸ್ವಾಮ್ಯದ ಸೂಚನೆಯನ್ನು ಕಿತ್ತುಹಾಕಿದರೆ ಅದು ಜಿಪಿಎಲ್‌ನ ಉಲ್ಲಂಘನೆಯೇ. ಈ ಎರಡು ಎಳೆಗಳು ಹೇಗೆ ಹೆಣೆದುಕೊಳ್ಳುತ್ತವೆ ಎಂಬುದಕ್ಕೆ 2024ರ ಪ್ರಕರಣ ನೋಡಬಹುದು. ಮುಲೆನ್‌ವೆಗ್ ಅವರ ಕಂಪನಿಯಾದ ಆಟೊಮ್ಯಾಟಿಕ್ ಮತ್ತು ವರ್ಡ್‌ಪ್ರೆಸ್ ತಾಣಗಳಿಗೆ ಸರ್ವರ್ ಜಾಗ ಒದಗಿಸುವ ಡಬ್ಲ್ಯುಪಿ ಎಂಜಿನ್ ಕಂಪನಿಗಳ ಜಗಳದ ನಡುವೆ ಅಕ್ಟೋಬರ್‌ನಲ್ಲಿ, ಡಬ್ಲ್ಯುಪಿ ಎಂಜಿನ್‌ಗೆ ಸೇರಿದ ಅಡ್ವಾನ್ಸ್‌ಡ್ ಕಸ್ಟಮ್ ಫೀಲ್ಡ್ಸ್ ಪ್ಲಗಿನ್‌ನ ಜಾಗದಲ್ಲಿ ವರ್ಡ್‌ಪ್ರೆಸ್‌ನ ಅಧಿಕೃತ ಭಂಡಾರ (ಪ್ಲಗಿನ್, ಥೀಮ್‌ಗಳನ್ನು ಇಳಿಸಿಕೊಳ್ಳುವ ತಾಣ) ಅದರದೇ ಕವಲಾದ ಸೆಕ್ಯೂರ್ ಕಸ್ಟಮ್ ಫೀಲ್ಡ್ಸ್ ಅನ್ನು ಕೂರಿಸಿತು. ಕವಲೊಡೆಯಲು ಜಿಪಿಎಲ್‌ನ ಅನುಮತಿ ಇದ್ದೇ ಇತ್ತು. ಆಕ್ಷೇಪ ಬಂದದ್ದು ಭಂಡಾರದಲ್ಲಿದ್ದ ಅದೇ ವಿಳಾಸವನ್ನೂ ಅದರ ಬಳಕೆದಾರರನ್ನೂ ವಶಕ್ಕೆ ತೆಗೆದುಕೊಂಡದ್ದರ ಬಗ್ಗೆ. ಆ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯಾಲಯವೊಂದು ಮಧ್ಯಂತರ ಆದೇಶ ಕೊಟ್ಟ ಮೇಲೆ ಆ ಜಾಗ ಮೂಲ ಪ್ಲಗಿನ್‌ಗೆ ಮರಳಿತು.

ಕೊಳ್ಳುವವರಿಗೂ ಒಂದು ಮಾತು. ಅಗ್ಗದ ಪ್ರತಿಗಳನ್ನು ಕೊಡುವ ತಾಣಗಳು ಕಾನೂನಿನ ಒಳಗೇ ಇರಬಹುದು, ಆದರೆ ಕೀಲಿ ಮುರಿದು ಹಂಚುವ ಪ್ರತಿಗಳೊಳಗೆ ದುರುದ್ದೇಶದ ಕೋಡು ತುರುಕಿರುವುದು ಅಪರೂಪವಲ್ಲ.

ಥೀಮ್ ಜೊತೆ ಕನ್ನಡ ಫಾಂಟ್ ಸೇರಿಸಿ ಕೊಡಬಹುದಾ?

ಯಾವ ಫಾಂಟ್ ಎಂಬುದರ ಮೇಲಿದೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದವು ಎಸ್‌ಐಎಲ್‌ನ ಓಪನ್ ಫಾಂಟ್ ಪರವಾನಗಿಯಡಿ ಇವೆ. ಅದು ಫಾಂಟನ್ನು ಒಂಟಿಯಾಗಿ ಮಾರುವುದಕ್ಕೆ ಬಿಡುವುದಿಲ್ಲ, ಆದರೆ ತಂತ್ರಾಂಶದ ಜೊತೆ ಕಟ್ಟಿ ಕೊಡಲು, ಆ ಕಟ್ಟನ್ನು ಮಾರಲು ಅಡ್ಡಿಯಿಲ್ಲ. ಪರವಾನಗಿಯ ಕಡತ ಜೊತೆಗಿರಬೇಕು, ಅಷ್ಟೆ. ವಿಂಡೋಸ್ ಜೊತೆ ಬರುವ ತುಂಗಾ ಹಾಗಲ್ಲ. ಸಿಎಸ್‌ಎಸ್‌ನಲ್ಲಿ ಅದರ ಹೆಸರು ಬರೆದು ಓದುಗರ ಕಂಪ್ಯೂಟರಿನಲ್ಲಿರುವ ಪ್ರತಿಯನ್ನು ಬಳಸಿಕೊಳ್ಳಬಹುದು. ಕಡತವನ್ನೇ ನಕಲಿಸಿ ಥೀಮ್‌ನೊಳಗೆ ಹಾಕಿ ಹಂಚಬಾರದು.

ಪ್ಲಗಿನ್ ಅನ್ನು ಕನ್ನಡಕ್ಕೆ ಅನುವಾದಿಸಿದ್ದೇನೆ. ಅನುವಾದಕ್ಕೆ ನನ್ನದೇ ಷರತ್ತು ಹಾಕಬಹುದೇ?

ಅನುವಾದದ ಶ್ರಮ ನಿಮ್ಮದು, ಆದರೆ ಅನುವಾದದ ಹಕ್ಕು ಮೂಲ ಕೃತಿಯ ಒಡೆಯರಿಗೆ ಸೇರಿದ್ದು ಎಂದು ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅನುವಾದದ ಕಡತವನ್ನು ತೆರೆದರೆ ಪ್ರತಿ ಕನ್ನಡ ವಾಕ್ಯದ ಮೇಲೂ ಅದರ ಇಂಗ್ಲಿಷ್ ಮೂಲ ಅಕ್ಷರಶಃ ಕೂತಿರುವುದು ಕಾಣುತ್ತದೆ. ಪ್ಲಗಿನ್‌ನ ಉಳಿದ ಭಾಗಗಳ ಬಗ್ಗೆ ವಾದ ಇರಬಹುದು; ಇಲ್ಲಿ ವಾದಕ್ಕೆ ಹೆಚ್ಚು ಜಾಗವಿಲ್ಲ. ಜಿಪಿಎಲ್ ಪ್ಲಗಿನ್‌ನ ಅನುವಾದವನ್ನು ಜಿಪಿಎಲ್ ಅಡಿಯಲ್ಲೇ ಹಂಚಬೇಕು.

ವರ್ಡ್‌ಪ್ರೆಸ್‌ನ ಭಂಡಾರಕ್ಕೆ ಹಾಕುವಾಗ ಚಿತ್ರಗಳೂ ಜಿಪಿಎಲ್ ಆಗಿರಬೇಕು ಅನ್ನುತ್ತಾರೆ. ಕಾನೂನೇ ಕೇಳದ್ದನ್ನು ಅವರು ಯಾಕೆ ಕೇಳಬೇಕು?

ಭಂಡಾರ ಅವರದ್ದು, ಹಾಗಾಗಿ ನಿಯಮವೂ ಅವರದ್ದು. ಅಲ್ಲಿಗೆ ಸೇರುವ ಥೀಮ್‌ನ ಕೋಡು, ಸಿಎಸ್‌ಎಸ್, ಚಿತ್ರ, ಫಾಂಟ್ ಎಲ್ಲವೂ ಜಿಪಿಎಲ್ ಅಥವಾ ಅದಕ್ಕೆ ಹೊಂದುವ ಪರವಾನಗಿಯಡಿ ಇರಬೇಕು ಎಂಬುದು ಪ್ರವೇಶದ ಷರತ್ತು. ಕಾನೂನು ಎಷ್ಟು ಕೇಳುತ್ತದೆ ಮತ್ತು ಒಂದು ಸಮುದಾಯ ತನ್ನ ಮನೆಯೊಳಗೆ ಎಷ್ಟು ಕೇಳುತ್ತದೆ ಎಂಬುದನ್ನು ಬೆರೆಸುವುದರಿಂದಲೇ ಈ ವಿಷಯದಲ್ಲಿ ಅರ್ಧ ಜಗಳಗಳು ಹುಟ್ಟಿವೆ. ನಿಮ್ಮ ಸ್ವಂತ ತಾಣದಲ್ಲಿ ಮಾರುವಾಗ ಈ ನಿಯಮ ನಿಮಗಿಲ್ಲ. ಜಿಪಿಎಲ್ ಮಾತ್ರ ಇದೆ.

## ವಿವಾದದ ಹಿನ್ನೆಲೆ

ಥೀಮ್‌ಗಳೂ ಜಿಪಿಎಲ್ ಎಂದು ಮೊದಲು ಹೇಳಿದವರು ಯಾರು? ಕೋರ್ಟೇ ಹೇಳಿದೆಯಾ?

ನ್ಯಾಯಾಲಯ ಹೇಳಿದ್ದಲ್ಲ, ವಕೀಲರು ಹೇಳಿದ್ದು. ಮುಲೆನ್‌ವೆಗ್ ಕೇಳಿದ ಪ್ರಶ್ನೆಗೆ, ಮುಕ್ತ ತಂತ್ರಾಂಶದವರಿಗೆ ಕಾನೂನು ನೆರವು ನೀಡುವ ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ 2009ರಲ್ಲಿ ಒಂದು ಅಭಿಪ್ರಾಯಪತ್ರ ಕೊಟ್ಟಿತು. ವರ್ಡ್‌ಪ್ರೆಸ್ ಜೊತೆಗೇ ಬರುತ್ತಿದ್ದ ಎರಡು ಥೀಮ್‌ಗಳನ್ನು ಪರಿಶೀಲಿಸಿ ಅದು ಹೇಳಿದ್ದು ಹೀಗೆ: ಪಿಎಚ್‌ಪಿ ಕಡತಗಳು ವರ್ಡ್‌ಪ್ರೆಸ್‌ನ ಕೋಡಿನ ಜೊತೆ ಕಂಪ್ಯೂಟರಿನ ಸ್ಮೃತಿಯಲ್ಲಿ (ಮೆಮೊರಿಯಲ್ಲಿ) ಬೇರ್ಪಡಿಸಲಾಗದಂತೆ ಬೆರೆತು ಓಡುವುದರಿಂದ ಅವು ವ್ಯುತ್ಪನ್ನ ಕೃತಿಗಳು, ಜಿಪಿಎಲ್‌ಗೆ ಒಳಪಟ್ಟವು; ಸಿಎಸ್‌ಎಸ್ ಮತ್ತು ಚಿತ್ರಗಳು ಸರ್ವರ್ ಸುಮ್ಮನೆ ಬಡಿಸುವ ದತ್ತಾಂಶ, ಬ್ರೌಸರ್ ಅವನ್ನು ಅರ್ಥೈಸುತ್ತದೆಯೇ ಹೊರತು ವರ್ಡ್‌ಪ್ರೆಸ್ ಅಲ್ಲ, ಆದ್ದರಿಂದ ಅವು ಜಿಪಿಎಲ್ ಆಗಬೇಕಾಗಿಲ್ಲ.

ಮರುವರ್ಷ ಇದಕ್ಕೆ ಪರೀಕ್ಷೆ ಬಂತು. ಕ್ರಿಸ್ ಪಿಯರ್ಸನ್ ಅವರ ಥೀಸಿಸ್ ಎಂಬ ಥೀಮ್ ಆಗ ಬಹಳ ಮಾರಾಟವಾಗುತ್ತಿತ್ತು, ಅದರ ಪರವಾನಗಿ ಜಿಪಿಎಲ್ ಆಗಿರಲಿಲ್ಲ. ತನ್ನದು ಸ್ವತಂತ್ರ ಕೃತಿ, ವರ್ಡ್‌ಪ್ರೆಸ್ ಮೇಲೆ ಓಡುತ್ತದೆ ಎಂಬ ಮಾತ್ರಕ್ಕೆ ಅದರ ಪರವಾನಗಿಗೆ ಒಳಪಡಬೇಕಾಗಿಲ್ಲ ಎಂಬುದು ಪಿಯರ್ಸನ್ ವಾದ. 2010ರ ಜುಲೈನಲ್ಲಿ ಅವರೂ ಮುಲೆನ್‌ವೆಗ್ ಅವರೂ ನೇರ ಸಂದರ್ಶನವೊಂದರಲ್ಲಿ ಬಹಿರಂಗವಾಗಿ ಜಟಾಪಟಿಗೆ ಇಳಿದರು. ಅದೇ ಹೊತ್ತಿಗೆ ಥೀಸಿಸ್‌ನ ಕೋಡನ್ನು ಕೆದಕಿದವರಿಗೆ ವರ್ಡ್‌ಪ್ರೆಸ್‌ನಿಂದಲೇ ನಕಲಾದ ಸಾಲುಗಳು ಸಿಕ್ಕವು. ಕೆಲವೇ ದಿನಗಳಲ್ಲಿ ಪಿಯರ್ಸನ್ ಪಿಎಚ್‌ಪಿ ಭಾಗವನ್ನು ಜಿಪಿಎಲ್‌ಗೆ ತಂದರು. ಹಾಗಾಗಿ ಮೊಕದ್ದಮೆ ಹೂಡುವ ಪ್ರಮೇಯ ಬರಲಿಲ್ಲ, ತೀರ್ಪೂ ಹುಟ್ಟಲಿಲ್ಲ. ನಕಲು ಸಿಕ್ಕಿದ್ದರಿಂದ ವಿವಾದ ಬೇಗ ಮುಗಿಯಿತು. ನಕಲೇ ಇಲ್ಲದ ಥೀಮ್‌ನ ಪ್ರಶ್ನೆ ಇದ್ದಲ್ಲೇ ಉಳಿಯಿತು.

ಥೀಮ್ ಮಾರುಕಟ್ಟೆಗಳಲ್ಲಿ ಕಾಣುವ ‘ಸ್ಪ್ಲಿಟ್ ಲೈಸೆನ್ಸ್’ ಅಂದರೇನು? ಅದು ಕಾನೂನುಬದ್ಧವೇ?

ಮೇಲಿನ ಅಭಿಪ್ರಾಯಪತ್ರ ಎಳೆದ ಗೆರೆಯನ್ನೇ ವ್ಯಾಪಾರಕ್ಕೆ ಬಳಸಿಕೊಂಡದ್ದು. ಪಿಎಚ್‌ಪಿ ಜಿಪಿಎಲ್, ಸಿಎಸ್‌ಎಸ್, ಚಿತ್ರ, ಹಲವೊಮ್ಮೆ ಜಾವಾಸ್ಕ್ರಿಪ್ಟ್ ಕೂಡ ಮಾರಾಟಗಾರರ ಸ್ವಂತ ಷರತ್ತಿನಡಿ. ಪ್ರತ್ಯೇಕವಾಗಿ ಗುರುತಿಸಬಹುದಾದ, ಸ್ವತಂತ್ರವಾದ ಭಾಗಗಳನ್ನು ಬೇರೆ ಕೃತಿಗಳಾಗಿ ಹಂಚಿದರೆ ತಾನು ಅನ್ವಯಿಸುವುದಿಲ್ಲ ಎಂದು ಜಿಪಿಎಲ್ 2ರ ಎರಡನೆಯ ಕಲಮೇ ಹೇಳುವುದರಿಂದ ಈ ಕ್ರಮಕ್ಕೆ ಗಟ್ಟಿ ಆಧಾರವಿದೆ.

ಆದರೆ ವರ್ಡ್‌ಪ್ರೆಸ್ ಸಮುದಾಯಕ್ಕೆ ಇದು ಹಿಡಿಸಿದ್ದಿಲ್ಲ. 2013ರ ಆರಂಭದಲ್ಲಿ, ಥೀಮ್ ಮಾರುಕಟ್ಟೆಯಾದ ಥೀಮ್‌ಫಾರೆಸ್ಟ್‌ನಲ್ಲಿ ಸ್ಪ್ಲಿಟ್ ಲೈಸೆನ್ಸ್‌ನಡಿ ಮಾರುತ್ತಿದ್ದ ವಿನ್ಯಾಸಕಾರರೊಬ್ಬರಿಗೆ ವರ್ಡ್‌ಕ್ಯಾಂಪ್ ಎಂಬ ಅಧಿಕೃತ ಸಮಾವೇಶಗಳಲ್ಲಿ ಮಾತನಾಡಲು ಅವಕಾಶವಿಲ್ಲ ಎಂದದ್ದು ದೊಡ್ಡ ಗಲಾಟೆಯಾಯಿತು. ಥೀಮ್‌ಫಾರೆಸ್ಟ್ ನಡೆಸುವ ಎನ್ವಾಟೊ ಅದೇ ವರ್ಷ ಬರೆದವರು ಬಯಸಿದರೆ ಪೂರ್ತಿ ಜಿಪಿಎಲ್ ಅಡಿ ಮಾರುವ ಆಯ್ಕೆ ತಂದಿತು. ಕಾನೂನು ಮೀರದ ಮಾರಾಟಕ್ಕೆ ವೇದಿಕೆ ನಿರಾಕರಿಸಿದ್ದು ಸರಿಯೇ ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಕೊಳ್ಳುವವರ ದೃಷ್ಟಿಯಿಂದ ನೋಡಿದರೆ, ಸಿಎಸ್‌ಎಸ್ ತೆಗೆದ ಥೀಮ್‌ನ ಪಿಎಚ್‌ಪಿಯನ್ನು ಹಂಚುವ ಹಕ್ಕು ಕಾಗದದ ಮೇಲೆ ಮಾತ್ರ ಚಂದ.

## ಇನ್ನಷ್ಟು ಆಳಕ್ಕೆ

ನಾನು ವರ್ಡ್‌ಪ್ರೆಸ್‌ನ ಒಂದು ಸಾಲನ್ನೂ ನಕಲು ಮಾಡಿಲ್ಲ, ಬರೀ ಅದರ ಫಂಕ್ಷನ್‌ಗಳನ್ನು ಕರೆದಿದ್ದೇನೆ. ಅದು ಹೇಗೆ ವ್ಯುತ್ಪನ್ನ ಕೃತಿಯಾಗುತ್ತದೆ?

ಇಡೀ ವಿವಾದದ ತಿರುಳು ಇದೇ. ಜಿಪಿಎಲ್ ತನ್ನ ವ್ಯಾಪ್ತಿಯನ್ನು ತಾನೇ ಹಿಗ್ಗಿಸಿಕೊಳ್ಳಲಾರದು. ‘ಕೃತಿಸ್ವಾಮ್ಯ ಕಾನೂನಿನಡಿ ವ್ಯುತ್ಪನ್ನವಾದ ಕೃತಿ’ ಎಂದು ಅದು ಗೆರೆ ಎಳೆಯುವ ಕೆಲಸವನ್ನು ಕಾನೂನಿಗೇ ಬಿಟ್ಟಿದೆ. ಪ್ಲಗಿನ್ ಮುಖ್ಯ ಪ್ರೋಗ್ರಾಂನೊಳಗೇ ಸೇರಿಕೊಂಡು, ಪರಸ್ಪರ ಫಂಕ್ಷನ್‌ಗಳನ್ನು ಕರೆಯುತ್ತ, ದತ್ತಾಂಶದ ರಚನೆಗಳನ್ನು ಹಂಚಿಕೊಂಡರೆ ಎರಡೂ ಸೇರಿ ಒಂದೇ ಕೃತಿ ಎಂಬುದು ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ನಿಲುವು; ಪ್ರತ್ಯೇಕ ಪ್ರೋಗ್ರಾಂ ಆಗಿ ಓಡುತ್ತ ದೂರದಿಂದ ಮಾತನಾಡಿದರೆ ಸಾಮಾನ್ಯವಾಗಿ ಎರಡು ಕೃತಿಗಳು.

ಎದುರು ವಾದಿಸುವವರು ಹೇಳುವುದು: ಭಾಮಿನಿ ಷಟ್ಪದಿಯ ಲೆಕ್ಕಕ್ಕೆ ಹೊಂದಿಸಿ ಬರೆದ ಪದ್ಯ ಆ ಛಂದಸ್ಸಿನಲ್ಲಿ ಮುಂಚೆ ಬರೆದವರ ಸ್ವತ್ತಾಗುವುದಿಲ್ಲ, ಹೊಂದಿಕೊಳ್ಳುವುದು ಬೇರೆ, ತೆಗೆದುಕೊಳ್ಳುವುದು ಬೇರೆ. ಹಂಚುವ ಕಡತದಲ್ಲಿ ವರ್ಡ್‌ಪ್ರೆಸ್‌ನ ಕೋಡು ಇಲ್ಲ, ಎರಡೂ ಬೆರೆಯುವುದು ಬಳಸುವವರ ಸರ್ವರ್‌ನಲ್ಲಿ, ಮತ್ತು ಓಡಿಸುವುದಕ್ಕೆ ಜಿಪಿಎಲ್ ಅಡ್ಡಿ ಮಾಡುವುದೇ ಇಲ್ಲ.

ಅಮೆರಿಕದ ತೀರ್ಪುಗಳು ಎರಡು ಕಡೆಗೂ ಎಳೆಯುತ್ತವೆ. 1992ರ ಗಲೂಬ್ ಪ್ರಕರಣದಲ್ಲಿ, ನಿಂಟೆಂಡೊ ಆಟಗಳ ಓಟವನ್ನು ಬದಲಿಸುತ್ತಿದ್ದ ಗೇಮ್ ಜೀನಿ ಎಂಬ ಉಪಕರಣ ವ್ಯುತ್ಪನ್ನ ಕೃತಿಯಲ್ಲ ಎಂದಾಯಿತು. 1998ರಲ್ಲಿ ಅದೇ ನ್ಯಾಯಾಲಯ ಮೈಕ್ರೊ ಸ್ಟಾರ್ ಪ್ರಕರಣದಲ್ಲಿ, ಡ್ಯೂಕ್ ನ್ಯೂಕಮ್ ಆಟಕ್ಕೆ ಬಳಕೆದಾರರು ಮಾಡಿದ ಹೊಸ ಹಂತಗಳ ಕಡತಗಳನ್ನು ಮಾರಿದ್ದು ಉಲ್ಲಂಘನೆ ಎಂದಿತು. ಆ ಕಡತಗಳಲ್ಲಿ ಮೂಲ ಆಟದ ಚಿತ್ರಗಳು ಇರಲೇ ಇಲ್ಲ, ಯಾವ ಚಿತ್ರವನ್ನು ಎಲ್ಲಿಡಬೇಕೆಂಬ ಸೂಚನೆ ಮಾತ್ರ ಇತ್ತು. 2021ರ ಗೂಗಲ್–ಒರಾಕಲ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಜಾವಾ ಭಾಷೆಯ ಸುಮಾರು 11,500 ಸಾಲುಗಳ ಘೋಷಣೆಗಳನ್ನು (ಫಂಕ್ಷನ್‌ಗಳ ಹೆಸರು, ರೂಪ ಹೇಳುವ ಸಾಲುಗಳನ್ನು) ನಕಲಿಸಿದ್ದು ನ್ಯಾಯಯುತ ಬಳಕೆ ಎಂದಿತು, ಆದರೆ ಅಂಥ ಘೋಷಣೆಗಳಿಗೆ ಕೃತಿಸ್ವಾಮ್ಯ ಉಂಟೇ ಎಂಬ ಮೂಲ ಪ್ರಶ್ನೆಯನ್ನು ತೀರ್ಮಾನಿಸದೆ ಬಿಟ್ಟಿತು.

ಭಾರತದ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯೆಂದು ಎಣಿಸಿ, ಕೃತಿಯ ‘ರೂಪಾಂತರ’ದ ಹಕ್ಕನ್ನು ಒಡೆಯರಿಗೆ ಕೊಡುತ್ತದೆ, ಕೃತಿಯ ಮರುಜೋಡಣೆ ಅಥವಾ ಬದಲಾವಣೆ ಒಳಗೊಂಡ ಬಳಕೆಯೂ ಅದರಲ್ಲಿ ಸೇರುತ್ತದೆ. ವರ್ಡ್‌ಪ್ರೆಸ್‌ನ ಒಂದು ಸಾಲನ್ನೂ ಅಲುಗಿಸದ, ಹೊರಗಿನ ಕೋಡು ಬಂದು ಸೇರಲೆಂದೇ ಅದು ಬಿಟ್ಟಿರುವ ಕೊಕ್ಕೆಗಳಿಗೆ (ಹುಕ್) ತಗುಲಿಕೊಂಡು ಕೆಲಸ ಮಾಡುವ ಪ್ಲಗಿನ್ ಅನ್ನು ಈ ಮಾತಿನೊಳಗೆ ಕೂರಿಸುವುದು ಸುಲಭವಲ್ಲ ಎಂದೇ ನಮ್ಮ ಅನಿಸಿಕೆ. ವರ್ಡ್‌ಪ್ರೆಸ್‌ನದೇ ಕ್ಲಾಸ್ ಒಂದನ್ನು ವಿಸ್ತರಿಸಿ, ಅದರ ಒಳ ಫಂಕ್ಷನ್‌ಗಳನ್ನು ತಿದ್ದಿ ಬರೆದು ಕೊಡುವ ಪ್ಲಗಿನ್‌ಗೆ ಈ ರಕ್ಷಣೆ ಬಹಳ ತೆಳುವಾಗುತ್ತದೆ. ಆದರೂ ಮಾರಾಟಕ್ಕೆ ಬರೆಯುವವರು ಜಿಪಿಎಲ್ ಎಂದೇ ಎಣಿಸಿ ವ್ಯವಹಾರ ಕಟ್ಟುವುದು ಜಾಣತನ: ವಾದದಲ್ಲಿ ಗೆಲ್ಲಬಹುದಾದ ಪ್ರಶ್ನೆಯನ್ನು ಗೆದ್ದು ತೋರಿಸುವ ಖರ್ಚು ಒಂದು ಪ್ಲಗಿನ್‌ನ ಗಳಿಕೆಗಿಂತ ಹೆಚ್ಚು.

ಬೇರೆ ತಂತ್ರಾಂಶಗಳ ಪ್ಲಗಿನ್‌ಗಳಿಗೂ ಇದೇ ನ್ಯಾಯವೇ?

ಆತಿಥೇಯ ತಂತ್ರಾಂಶದ ಪರವಾನಗಿ ಮತ್ತು ಜೋಡಣೆಯ ರೀತಿ ಬದಲಾದಂತೆ ಉತ್ತರ ಬದಲಾಗುತ್ತದೆ. ವರ್ಡ್‌ಪ್ರೆಸ್‌ನಂತೆಯೇ ಜಾಲತಾಣ ಕಟ್ಟುವ ಡ್ರೂಪಲ್ ತನ್ನ ಮಾಡ್ಯೂಲ್, ಥೀಮ್‌ಗಳು ವ್ಯುತ್ಪನ್ನ ಕೃತಿಗಳೆಂದೇ ಹೇಳುತ್ತದೆ. ಅಂಥದೇ ಇನ್ನೊಂದಾದ ಜೂಮ್ಲಾ 2009ರಿಂದ ತನ್ನ ವಿಸ್ತರಣೆಗಳ ಪಟ್ಟಿಗೆ ಜಿಪಿಎಲ್ ಆದವನ್ನು ಮಾತ್ರ ಸೇರಿಸಿಕೊಳ್ಳುತ್ತದೆ. ಮೂರು ಆಯಾಮದ ಚಿತ್ರ ರೂಪಿಸುವ ಬ್ಲೆಂಡರ್‌ನಲ್ಲಿ ಮಾಡಿದ ಚಲನಚಿತ್ರ ನಿಮ್ಮದು, ಆದರೆ ಅದರ ಪೈಥಾನ್ ಎಪಿಐ ಬಳಸುವ ಆ್ಯಡ್-ಆನ್ ಹಂಚುವುದಾದರೆ ಜಿಪಿಎಲ್‌ಗೆ ಹೊಂದಬೇಕು ಎಂಬುದು ಬ್ಲೆಂಡರ್ ಫೌಂಡೇಶನ್‌ನ ನಿಲುವು. ಚಿತ್ರ ತಿದ್ದುವ ಗಿಂಪ್ ಕೂಡ ಜಿಪಿಎಲ್, ಆದರೆ ಅದರ ಪ್ಲಗಿನ್‌ಗಳು ಪ್ರತ್ಯೇಕ ಪ್ರಕ್ರಿಯೆಗಳಾಗಿ ಓಡುತ್ತವೆ, ಅವು ಬಳಸುವ ಲೈಬ್ರರಿ ಸಡಿಲವಾದ ಎಲ್‌ಜಿಪಿಎಲ್ ಅಡಿ ಇದೆ. ಅಲ್ಲಿ ಮುಚ್ಚಿದ ಪ್ಲಗಿನ್‌ಗೂ ಜಾಗವಿದೆ. ಲಿನಕ್ಸ್ ಕರ್ನಲ್ ಕೆಲವು ಒಳ ಫಂಕ್ಷನ್‌ಗಳನ್ನು ಜಿಪಿಎಲ್ ಎಂದು ಘೋಷಿಸಿಕೊಂಡ ಮಾಡ್ಯೂಲ್‌ಗಳಿಗೆ ಮಾತ್ರ ತೆರೆಯುತ್ತದೆ. ಫೈರ್‌ಫಾಕ್ಸ್ ಬ್ರೌಸರ್‌ನ ಎಂಪಿಎಲ್ ಪರವಾನಗಿಯ ಷರತ್ತು ಕಡತದ ಮಟ್ಟದಲ್ಲೇ ನಿಲ್ಲುವುದರಿಂದ ಆ್ಯಡ್-ಆನ್‌ಗೆ ಯಾವ ಪರವಾನಗಿಯಾದರೂ ಆದೀತು. ಅದೇ ಪರವಾನಗಿಯಡಿ ಹಂಚು ಎಂದು ಕೇಳದ ಎಂಐಟಿ, ಬಿಎಸ್‌ಡಿ, ಅಪಾಚಿ ಪರವಾನಗಿಯ ತಂತ್ರಾಂಶಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಅಪಾಚಿ ಪರವಾನಗಿಯ ಲೈಬ್ರರಿ ಒಂದನ್ನು ನನ್ನ ಪ್ಲಗಿನ್‌ನೊಳಗೆ ಸೇರಿಸಬಹುದಾ?

ಅಪಾಚಿ 2.0 ಜಿಪಿಎಲ್ 3ಕ್ಕೆ ಹೊಂದುತ್ತದೆ, ಜಿಪಿಎಲ್ 2ಕ್ಕೆ ಹೊಂದುವುದಿಲ್ಲ ಎಂಬುದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ಅಭಿಪ್ರಾಯ. ವರ್ಡ್‌ಪ್ರೆಸ್‌ನ ಪರವಾನಗಿಯಲ್ಲಿ ‘ಅಥವಾ ನಂತರದ್ದು’ ಎಂಬ ಮಾತು ಇರುವುದರಿಂದ ನಿಮ್ಮ ಪ್ಲಗಿನ್ ಅನ್ನು ಜಿಪಿಎಲ್ 3ರ ಅಡಿ ಹಂಚಿದರೆ ತೊಡಕು ಬಗೆಹರಿಯುತ್ತದೆ. ಪ್ಲಗಿನ್‌ನ ತಲೆಭಾಗದಲ್ಲಿ ‘ಜಿಪಿಎಲ್ 2 ಮಾತ್ರ’ ಎಂದು ಬರೆದುಕೊಂಡಿದ್ದರೆ ಬಗೆಹರಿಯುವುದಿಲ್ಲ. ಎಂಐಟಿ, ಬಿಎಸ್‌ಡಿ ಲೈಬ್ರರಿಗಳಿಗೆ ಈ ತಾಪತ್ರಯವಿಲ್ಲ.

ನಮ್ಮ ಪ್ಲಗಿನ್ ಚಿಕ್ಕದು, ನಿಜವಾದ ಕೆಲಸವೆಲ್ಲ ನಮ್ಮ ಸರ್ವರ್‌ನಲ್ಲಿ ನಡೆಯುತ್ತದೆ. ಸರ್ವರ್‌ನ ಕೋಡೂ ಕೊಡಬೇಕಾಗುತ್ತದೆಯೇ?

ಬೇಡ. ಸ್ಪ್ಯಾಮ್ ತಡೆಯುವ ಅಕಿಸ್ಮೆಟ್ ಇದಕ್ಕೆ ಕಣ್ಣೆದುರಿನ ಉದಾಹರಣೆ: ನಿಮ್ಮ ಸೈಟ್‌ನಲ್ಲಿ ಕೂರುವ ಪ್ಲಗಿನ್ ಜಿಪಿಎಲ್, ಟಿಪ್ಪಣಿಗಳನ್ನು ಜರಡಿ ಹಿಡಿಯುವ ಸೇವೆ ಆಟೊಮ್ಯಾಟಿಕ್‌ನ ಸರ್ವರ್‌ಗಳಲ್ಲಿದ್ದು, ಅದರ ಕೋಡು ಹಂಚಿಕೆಯಾಗುವುದೇ ಇಲ್ಲ. ಸರ್ವರ್‌ನ ಕೋಡಿನಲ್ಲಿ ಎಜಿಪಿಎಲ್ ತಂತ್ರಾಂಶವನ್ನು ಮಾರ್ಪಡಿಸಿ ಬಳಸಿದ್ದರೆ ಮಾತ್ರ ಲೆಕ್ಕ ಬೇರೆ. ಜಾಲದ ಮೂಲಕ ಬಳಸುವವರಿಗೂ ಅದರ ಸೋರ್ಸ್ ಸಿಗಬೇಕೆಂದು ಆ ಪರವಾನಗಿಯ 13ನೇ ಕಲಮು ಕೇಳುತ್ತದೆ.

ಷರತ್ತು ಮುರಿದರೆ ಮೊಕದ್ದಮೆ ಹೂಡುವವರು ಯಾರು? ನಿಜಕ್ಕೂ ಏನಾದರೂ ಆಗುತ್ತದೆಯೇ?

ಹೂಡಬಹುದಾದವರು ಕೃತಿಸ್ವಾಮ್ಯ ಉಳ್ಳವರು. ವರ್ಡ್‌ಪ್ರೆಸ್ ತನಗೆ ಕೋಡು ಬರೆದುಕೊಟ್ಟವರಿಂದ ಹಕ್ಕು ಬರೆಸಿಕೊಂಡಿಲ್ಲ. ಆದ್ದರಿಂದ ಒಡೆತನ ಬಹಳ ಜನರಲ್ಲಿ ಹಂಚಿಹೋಗಿದೆ. ಇದೇ ಕಾರಣಕ್ಕೆ ಅದರ ಪರವಾನಗಿಯನ್ನು ಯಾವ ಕಂಪನಿಯೂ ಒಬ್ಬಂಟಿಯಾಗಿ ಬದಲಿಸಲಾರದು.

ಓಪನ್ ಸೋರ್ಸ್ ಪರವಾನಗಿಗಳು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂಬ ಮಾತು ಹಳೆಯದಾಯಿತು. 2004ರಲ್ಲೇ ಮ್ಯೂನಿಕ್‌ನ ನ್ಯಾಯಾಲಯ ಲಿನಕ್ಸ್‌ನ ನೆಟ್‌ಫಿಲ್ಟರ್ ಕೋಡಿನ ವಿಷಯದಲ್ಲಿ ಜಿಪಿಎಲ್ ಅನ್ನು ಎತ್ತಿಹಿಡಿಯಿತು. 2008ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಜೇಕಬ್ಸನ್ ಪ್ರಕರಣದಲ್ಲಿ, ಪುಕ್ಕಟೆ ಕೊಟ್ಟ ಪರವಾನಗಿಯ ಷರತ್ತನ್ನು ಮುರಿದರೂ ಕೃತಿಸ್ವಾಮ್ಯದ ಉಲ್ಲಂಘನೆಯಾಗಬಹುದು ಎಂದಿತು. ಜಿಪಿಎಲ್ 2ರಲ್ಲಿ ಉಲ್ಲಂಘಿಸಿದ ಕ್ಷಣವೇ ಹಕ್ಕು ರದ್ದಾಗುತ್ತದೆ. 3ನೇ ಆವೃತ್ತಿ ಸ್ವಲ್ಪ ಉದಾರಿ, ಮೊದಲ ಸಲ ತಪ್ಪಿದವರು ನೋಟಿಸ್ ಸಿಕ್ಕ 30 ದಿನಗಳೊಳಗೆ ಸರಿಪಡಿಸಿಕೊಂಡರೆ ಹಕ್ಕನ್ನು ಮರಳಿ ಕೊಡುತ್ತದೆ. ಉಲ್ಲಂಘಿಸಿದವರಿಂದ ಪ್ರತಿ ಪಡೆದವರು ತಾವು ಷರತ್ತು ಪಾಲಿಸುವವರೆಗೆ ಸುರಕ್ಷಿತರು.

ಈಗಿನ ಬ್ಲಾಕ್ ಥೀಮ್‌ಗಳಲ್ಲಿ ಪಿಎಚ್‌ಪಿಯೇ ಇಲ್ಲವಲ್ಲ. ಹಳೆಯ ವಾದ ಇವಕ್ಕೂ ಅನ್ವಯಿಸುತ್ತದೆಯೇ?

2022ರ ಜನವರಿಯಲ್ಲಿ ಬಂದ ವರ್ಡ್‌ಪ್ರೆಸ್ 5.9ರಿಂದ ಪೂರ್ಣ ಪ್ರಮಾಣದಲ್ಲಿ ಬಳಕೆಗೆ ಬಂದ ಬ್ಲಾಕ್ ಥೀಮ್‌ಗಳಲ್ಲಿ ಪುಟದ ಅಚ್ಚುಗಳು ಎಚ್‌ಟಿಎಂಎಲ್ ಕಡತಗಳು. ಬಣ್ಣ, ಅಕ್ಷರ, ಅಂತರಗಳ ಆಯ್ಕೆಗಳು ಒಂದು ಜೆಸನ್ ಕಡತದಲ್ಲಿ. ಯಾವ ಬ್ಲಾಕ್ (ಪುಟದ ತುಣುಕು) ಎಲ್ಲಿರಬೇಕೆಂದು ಟಿಪ್ಪಣಿಯ ರೂಪದಲ್ಲಿ ಬರೆದಿರುತ್ತದೆ, ವರ್ಡ್‌ಪ್ರೆಸ್ ಅದನ್ನು ಓದಿ ಪುಟ ಕಟ್ಟುತ್ತದೆ. ಪಿಎಚ್‌ಪಿ ಕೋಡು ಸ್ಮೃತಿಯಲ್ಲಿ ಬೆರೆಯುತ್ತದೆ ಎಂಬ 2009ರ ತರ್ಕಕ್ಕೆ ಇಲ್ಲಿ ಕಾಲೂರಲು ಜಾಗ ಕಡಿಮೆ. ಆ ಅಭಿಪ್ರಾಯಪತ್ರ ಸಿಎಸ್‌ಎಸ್ ಅನ್ನು ಯಾವ ಕಾರಣಕ್ಕೆ ದತ್ತಾಂಶ ಎಂದಿತೋ ಹೆಚ್ಚುಕಡಿಮೆ ಅದೇ ಕಾರಣಕ್ಕೆ ಈ ಕಡತಗಳನ್ನೂ ದತ್ತಾಂಶ ಎನ್ನಬಹುದು. ಒಂದು ವ್ಯತ್ಯಾಸವಿದೆ: ಸಿಎಸ್‌ಎಸ್ ಅನ್ನು ಅರ್ಥೈಸುವುದು ಬ್ರೌಸರ್, ಈ ಅಚ್ಚುಗಳನ್ನು ಅರ್ಥೈಸುವುದು ವರ್ಡ್‌ಪ್ರೆಸ್. ಯಾವ ಚಿತ್ರ ಎಲ್ಲಿರಬೇಕೆಂದು ಮಾತ್ರ ಹೇಳುತ್ತಿದ್ದ ಡ್ಯೂಕ್ ನ್ಯೂಕಮ್ ಕಡತಗಳ ತೀರ್ಪನ್ನು ಯಾರಾದರೂ ಇಲ್ಲಿಗೆ ಎಳೆದು ತಂದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿ ಮುಖ್ಯವಾದದ್ದು ಆ ಕಡತಗಳು ಮೂಲ ಆಟದ ಕತೆಯನ್ನು ಮುಂದುವರಿಸುತ್ತಿದ್ದವು ಎಂಬುದು. ಜಾಲತಾಣದ ಅಚ್ಚಿಗೆ ಮುಂದುವರಿಸಲು ಅಂಥ ಕತೆಯಿಲ್ಲ. ನಿಮ್ಮ ಬ್ಲಾಕ್ ಥೀಮ್‌ನಲ್ಲಿ ಪ್ಯಾಟರ್ನ್‌ಗಳಿಗೆಂದು ಒಂದೆರಡು ಪಿಎಚ್‌ಪಿ ಕಡತಗಳಿದ್ದರೆ ಅವಕ್ಕೆ ಹಳೆಯ ವಾದ ಹಾಗೆಯೇ ಅನ್ವಯಿಸುತ್ತದೆ, ಅಧಿಕೃತ ಭಂಡಾರಕ್ಕೆ ಹಾಕುವುದಾದರೆ ಜೆಸನ್ ಸಮೇತ ಎಲ್ಲವೂ ಜಿಪಿಎಲ್‌ಗೆ ಹೊಂದಲೇಬೇಕು.